ನನ್ನ ಅನುಭವ: ಕಾರ್ನ್‌ವಾಲ್‌ನ ಹಳೇ ರಿಜಿಸ್ಟರ್‌ಗೆ ಕನ್ನಡದಲ್ಲಿ ಪಟ್ಟಿ ಮಾಡಿದ್ದು

ನನ್ನ ಗಂಡನ ಪೂರ್ವಜ ವಿಲಿಯಂನ ಅಪ್ಪ ಯಾರು ಅನ್ನುವುದು ಅವರ ಮನೆಯಲ್ಲಿ ನಲವತ್ತು ವರ್ಷದಿಂದ ಉಳಿದಿದ್ದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ನಾನು ಕನ್ನಡ ಅಕ್ಷರದಲ್ಲಿ ಮಾಡಿದ ಪಟ್ಟಿಯಿಂದ. ಬೇಡ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಂಡನ ಕಡೆಯವರು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಗಣಿ ಕೆಲಸದವರು. 1851ರ ಜನಗಣತಿಯಲ್ಲಿ ವಿಲಿಯಂ ಕ್ಯಾಂಬೋರ್ನ್‌ನಲ್ಲಿದ್ದಾನೆ. ವಯಸ್ಸು 37, ಹುಟ್ಟಿದ ಊರು ಗ್ವೆನಪ್. 1841ರಲ್ಲಿ ವಯಸ್ಸು 25 ಅಂತಿದೆ. ಆ ಸಲ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು. ಮದುವೆ ಆಗಿದ್ದು 1836ರಲ್ಲಿ. ಇನ್ನೊಂದು ವರ್ಷ ತಡೆದು ಸರ್ಕಾರಿ ನೋಂದಣಿ ಶುರುವಾದ 1837ರ ಜುಲೈ ಆದಮೇಲೆ ಆಗಿದ್ದರೆ ದಾಖಲೆಯಲ್ಲಿ ಅಪ್ಪನ ಹೆಸರು ಇರುತ್ತಿತ್ತು. ಈ ಒಂದು ವರ್ಷ ನನ್ನನ್ನು ಎಷ್ಟು ಅಳಿಸಿದೆಯೋ!

ಗ್ವೆನಪ್ ಚರ್ಚಿನ ರಿಜಿಸ್ಟರ್‌ನಲ್ಲಿ ಅದೇ ಮನೆತನದ ಹೆಸರಿನ ಇಬ್ಬರು ವಿಲಿಯಂ ಇದ್ದರು, ಒಬ್ಬ 1813ರವನು, ಇನ್ನೊಬ್ಬ 1814ರವನು. ನೆಂಟರೆಲ್ಲ ತಮ್ಮ ವಂಶವೃಕ್ಷದಲ್ಲಿ ಮೊದಲನೆಯವನನ್ನೇ ಹಾಕಿಕೊಂಡಿದ್ದರು. ನಾನೂ ಅದನ್ನೇ ನಂಬಿ ಅವನ ಅಣ್ಣತಮ್ಮಂದಿರ ಮದುವೆ, ಸಾವಿನ ಪ್ರಮಾಣಪತ್ರ ತರಿಸಿದೆ. ಆಗ ಒಂದಕ್ಕೆ 11 ಪೌಂಡ್. ಏಳೋ ಎಂಟೋ ತರಿಸಿದ ನೆನಪು. ಸುಮಾರು ಎಂಬತ್ತು ಪೌಂಡ್ ನೀರಿಗೆ ಹಾಕಿದ ಹಾಗಾಯಿತು. ಯಾಕೆಂದರೆ ಆ ಮಗುವನ್ನು ನಾಲ್ಕನೇ ವಯಸ್ಸಿಗೇ ಮಣ್ಣು ಮಾಡಿದ್ದರು. ಸಮಾಧಿ ರಿಜಿಸ್ಟರ್‌ನಲ್ಲಿ ವಯಸ್ಸು, ಊರು ಎರಡೂ ಸ್ಪಷ್ಟವಾಗಿವೆ. 1813ರಿಂದ ಅಚ್ಚು ಹಾಕಿದ ಪುಸ್ತಕ ಬಂತಲ್ಲ, ಅದರಲ್ಲಿ ಆ ಕಾಲಂ ಇದೆ. ಯಾರೂ ತೆರೆದು ನೋಡಿರಲಿಲ್ಲ. 1814ರವನು ಬೇರೊಬ್ಬಳನ್ನು ಮದುವೆಯಾಗಿ 1851ರಲ್ಲೂ ಗ್ವೆನಪ್‌ನಲ್ಲೇ ಇದ್ದ. ಅಂದರೆ ಇಬ್ಬರೂ ನಮ್ಮವರಲ್ಲ.

ಗಂಡನ ಮನೆತನದ ಹೆಸರು ಇಲ್ಲಿ ಬೇಡ. ಹಾಸ್ಕಿಂಗ್ ಅಂತ ಇಟ್ಟುಕೊಳ್ಳಿ, ಅದರ ಹಾಗೇ ಹ ದಿಂದ ಶುರುವಾಗುವ ಹೆಸರು. ಒಂದು ದಿನ ಕಾರ್ನ್‌ವಾಲ್‌ನ ಅಜ್ಜ ಒಬ್ಬರು ಆ ಹೆಸರನ್ನು ಆಸ್ಕಿಂಗ್ ಅನ್ನೋ ಹಾಗೆ ಕರೆದರು. ನಾನು ಬಂಗಾರಪೇಟೆ ಕಡೆಯವಳು. ಹಾಲು ಆಲಾಗುವುದು, ಹಾವು ಆವಾಗುವುದು ನನಗೆ ಹೊಸದಲ್ಲ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದರೆ ಈ ಜನ ರಿಜಿಸ್ಟರ್‌ನಲ್ಲಿ ಬೇರೆ ಅಕ್ಷರದ ಕೆಳಗೆ ಕೂತಿರಬೇಕು, ಅಲ್ವಾ? ನೀಬೋನ್ ಅನ್ನುವ ಕಾರ್ನಿಷ್ ಹೆಸರೂ ಹೀಗೇ. ಇಂಗ್ಲಿಷಿನಲ್ಲಿ ಅದರ ಮುಂದೆ ಸದ್ದಿಲ್ಲದ ಕೆ ಇದೆ. ಒಬ್ಬ ಕೆ ಹಾಕುತ್ತಾನೆ, ಇನ್ನೊಬ್ಬ ಎನ್‌ನಿಂದ ಶುರು ಮಾಡುತ್ತಾನೆ. ಕನ್ನಡದಲ್ಲಿ ಬರೆದರೆ ಎರಡೂ ನೀಬೋನ್.

ವಂಶಾವಳಿ ಬಳಗದ ಹಿರಿಯರಿಗೆ ಇದನ್ನು ಹೇಳಿದೆ. ‘ಅದಕ್ಕೇ ಸೌಂಡೆಕ್ಸ್ ಇದೆಯಲ್ಲಮ್ಮ, ಕಂಪ್ಯೂಟರೇ ನೋಡಿಕೊಳ್ಳುತ್ತೆ’ ಅಂದರು. ಒಂದೇ ಥರ ಕೇಳಿಸುವ ಹೆಸರುಗಳನ್ನು ಒಂದೇ ಸಂಕೇತಕ್ಕೆ ತರುವ ವಿಧಾನ ಅದು. ಆದರೆ ಸೌಂಡೆಕ್ಸ್ ಹೆಸರಿನ ಮೊದಲ ಅಕ್ಷರವನ್ನು ಮುಟ್ಟುವುದೇ ಇಲ್ಲ! ನಮ್ಮ ತೊಂದರೆ ಇದ್ದದ್ದು ಆ ಮೊದಲ ಅಕ್ಷರದಲ್ಲೇ.

ಗ್ವೆನಪ್, ಸ್ಟಿಥಿಯನ್ಸ್, ಕ್ಯಾಂಬೋರ್ನ್, ಈ ಮೂರು ಪ್ಯಾರಿಷ್‌ಗಳ (ಒಂದೊಂದು ಚರ್ಚಿಗೆ ಸೇರಿದ ಊರುಗಳ) 1813ರಿಂದ 1841ರವರೆಗಿನ ದಾಖಲೆಯಲ್ಲಿ ಒಂದು ಗುಂಪಿನ ಹೆಸರುಗಳನ್ನಷ್ಟೇ ಎತ್ತಿಕೊಂಡೆ. ಆರು ಸಾವಿರ ಸಾಲು ಇರಬಹುದು. ಮೊದಲು ತಾನಾಗಿ ಕನ್ನಡಕ್ಕೆ ತಿರುಗಿಸುವ ಸಾಧನದ ಕೈಗೆ ಕೊಟ್ಟೆ. ಅದು ಸದ್ದಿಲ್ಲದ ಕೆಯನ್ನೂ ಬಿಡದೆ ಕ್ನೀಬೋನ್ ಅಂತ ಬರೆಯಿತು. ಅಷ್ಟನ್ನೂ ಅಳಿಸಿದೆ. ಆಮೇಲೆ ಕೈಯಲ್ಲೇ ಬರೆಯುವಾಗ ನಾನೇ ಒಂದು ದಿನ ಹಾಸ್ಕಿಂಗ್, ಇನ್ನೊಂದು ದಿನ ಹೋಸ್ಕಿಂಗ್ ಅಂತ ಹಾಕಿದ್ದೆ. ಎರಡು ಸಾವಿರ ಸಾಲು ಮತ್ತೆ ತಿದ್ದಬೇಕಾಯಿತು. ಕೊನೆಗೆ ಹ ಕಾರವನ್ನು ಪೂರ್ತಿ ಬಿಟ್ಟು, ಮಹಾಪ್ರಾಣ ತೆಗೆದು, ಸ್ವರಗಳನ್ನು ಕೆಲವೇ ಗುಂಪಿಗೆ ಇಳಿಸಿದೆ. ಯಾವ ಸ್ವರ ಯಾವ ಗುಂಪಿಗೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ಬೇಸಿಗೆ ಹೋಗಿದೆ.

ಖರ್ಚೂ ಕಮ್ಮಿ ಅಲ್ಲ. ರೆಡ್ರುತ್‌ನಲ್ಲಿರುವ ಕ್ರೆಸೆನ್ ಕೆರ್ನೋ ದಾಖಲೆ ಭಂಡಾರಕ್ಕೆ ನಾವಿರುವ ರೀಡಿಂಗ್ ಊರಿನಿಂದ ರೈಲಲ್ಲಿ ನಾಲ್ಕು ಗಂಟೆಗೂ ಮೇಲಿನ ದಾರಿ. ಮೂರು ಸಲ ಹೋದೆ. ಟಿಕೆಟ್ಟು, ಉಳಿಯುವ ಕೋಣೆ ಎಲ್ಲ ಸೇರಿ ಐನೂರು ಪೌಂಡ್ ದಾಟಿತು. ಜಾಲತಾಣಗಳ ಚಂದಾ ಬೇರೆ.

ಮೂರನೇ ಸಲ ಹೋಗಿ ಬಂದಮೇಲೆ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿದೆ. ಸ್ಟಿಥಿಯನ್ಸ್‌ನ ನಾಲ್ಕು ಸಾಲು ನಮ್ಮ ಮನೆತನದ ಪಕ್ಕಕ್ಕೇ ಬಂದು ನಿಂತವು. 1819ರಲ್ಲಿ ಒಂದೇ ದಿನ ನಾಲ್ಕು ಮಕ್ಕಳಿಗೆ ಬ್ಯಾಪ್ಟಿಸಂ. ಇಂಗ್ಲಿಷಿನಲ್ಲಿ ಅವು ಓ ಅಕ್ಷರದ ಕೆಳಗಿದ್ದವು. ಅವರಲ್ಲಿ ಒಬ್ಬ ವಿಲಿಯಂ, ಒಬ್ಬಳು ಗ್ರೇಸ್. ವಾಸದ ಊರಿನ ಕಾಲಂನಲ್ಲಿ ಗ್ವೆನಪ್!

ಕುಣಿಯಲಿಲ್ಲ. ಹೆಸರು ಹೊಂದಿದರೆ ಸಾಲದು. 1836ರ ಮದುವೆಯ ಮೂಲ ಪುಟ ತೆಗೆದೆ. ಗಣಕದ ಪಟ್ಟಿಯಲ್ಲಿ ಸಾಕ್ಷಿಗಳನ್ನು ಬಿಟ್ಟಿದ್ದರು. ಮೂಲದಲ್ಲಿ ಗ್ರೇಸ್ ಇದ್ದಳು, ಹೆಸರಿನ ಮುಂದೆ ಇಂಟು ಗುರುತು. ಅವಳ ಮದುವೆ 1840ರಲ್ಲಿ, ರಿಜಿಸ್ಟ್ರಾರ್ ಕಚೇರಿಯಲ್ಲಿ. ಮತ್ತೆ 11 ಪೌಂಡ್ ಕೊಟ್ಟೆ, ಈ ಸಲ ಖುಷಿಯಿಂದ. ಅಪ್ಪ ಹೆನ್ರಿ, ಗಣಿ ಕೆಲಸ. ಸ್ಟಿಥಿಯನ್ಸ್ ರಿಜಿಸ್ಟರ್‌ನಲ್ಲೂ ಹೆನ್ರಿ. 1851ರಲ್ಲಿ ಗ್ರೇಸ್ ಮನೆಯಲ್ಲಿ ಅವಳ ವಿಧವೆ ತಾಯಿ ಇದ್ದಾಳೆ, ಹುಟ್ಟಿದ್ದು ಸ್ಟಿಥಿಯನ್ಸ್. ತವರಿಗೆ ಹೋಗಿ ನಾಲ್ಕೂ ಮಕ್ಕಳಿಗೆ ಒಟ್ಟಿಗೇ ಮಾಡಿಸಿಕೊಂಡು ಬಂದಿದ್ದಾಳೆ. ನಮ್ಮಜ್ಜಿ ಯಾರ ಗುರುತು ಹಿಡಿಯುವಾಗಲೂ ‘ಹೆಣ್ಣುಮಕ್ಕಳನ್ನ ಎಲ್ಲಿಗೆ ಕೊಟ್ಟಿದ್ದಾರೆ’ ಅಂತಲೇ ಶುರು ಮಾಡುತ್ತಿದ್ದಳು. ಇಲ್ಲೂ ಕೈ ಹಿಡಿದಿದ್ದು ಅದೇ. ಗಂಡುಮಕ್ಕಳು ಕೆಲಸ ಹುಡುಕಿ ದೇಶ ಬಿಡುತ್ತಾರೆ. ಹೆಣ್ಣುಮಕ್ಕಳ ಮನೆಯಲ್ಲಿ ಅಮ್ಮ ಸಿಗುತ್ತಾಳೆ.

ನಡುವೆ ಒಂದು ಪ್ರಯೋಗ ಮಾಡಿದೆ. ಶಾಯಿ ಮಾಸಿ ಕಂದಾದ ಪುಟಗಳ ಫೋಟೋದಲ್ಲಿ ಕೆಂಪು, ಹಸಿರು ತೆಗೆದು ನೀಲಿ ಪದರವನ್ನಷ್ಟೇ ಉಳಿಸಿ, ಆಮೇಲೆ ಕಪ್ಪು ಬಿಳುಪು ತಿರುಗಿಸಿ ನೋಡಿದೆ. ಹತ್ತರಲ್ಲಿ ಆರು ಪುಟ ಓದಲು ಬಂತು. ನೀರು ಬಿದ್ದ ಪುಟಕ್ಕೆ ಏನೂ ಆಗಲಿಲ್ಲ. ಇದೇ ಗುಂಗಿನಲ್ಲಿ ಬಾಲ್ ಮೇಡನ್ ಅಂತ ಬರೆಸಿಕೊಂಡವರನ್ನೂ ಎಣಿಸಲು ಕೂತೆ. ಗಣಿ ಬಾಯಿಯ ಹತ್ತಿರ ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದ ಹುಡುಗಿಯರು ಅವರು. ಒಂದು ವಾರ ಅದರಲ್ಲೇ ಹೋಯಿತು. ಗ್ರೇಸ್ ಕೂಡ ಅದೇ ಕೆಲಸ ಮಾಡಿದವಳು.

ವಿಲಿಯಂನ ಮಗ 1891ರ ಜನಗಣತಿಯಲ್ಲಿ ಮನೆಯಲ್ಲಿಲ್ಲ. ಹೆಂಡತಿ, ಮಕ್ಕಳು ಮಾತ್ರ. ಅವನು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿದ್ದ. ಆ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಅಲ್ಲಿಗೆ ಬಂದ ಕಾರ್ನಿಷ್ ಜನರಲ್ಲಿ ಒಬ್ಬ. ಹೆಂಡತಿಯೂ ಆಮೇಲೆ ಹೊರಟು ಬಂದಳು. ಅಲ್ಲಿ ಹುಟ್ಟಿದ ಮಗಳ ದಾಖಲೆ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಮದ್ರಾಸಿನ ಚರ್ಚ್ ದಾಖಲೆಗಳ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಊರಿನ ಹೆಸರನ್ನು ಓದಲಾಗದೆ ಯಾರೋ ಏನೋ ಒಂದು ಪದ ಹಾಕಿಟ್ಟಿದ್ದರು. ನಾನು ಅದನ್ನು ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದಿದೆ. ಊರಿಗಾಂ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸಿಗುವ ಸ್ಟೇಷನ್ನು. ಚಿಕ್ಕವಳಿದ್ದಾಗ ಎಷ್ಟು ಸಲ ಅಲ್ಲಿ ಇಳಿದಿದ್ದೇನೋ.