ಹಲವು ಶಾಖೆಗಳ ರೂಟರ್, ಸ್ವಿಚ್‌ಗಳ ಸೆಟ್ಟಿಂಗ್ ಅನ್ನು ಒಂದೇ ಸ್ಕ್ರಿಪ್ಟ್‌ನಿಂದ ಬದಲಿಸುವ ವಿಧಾನ

ಕಲಬುರಗಿಯಲ್ಲಿ ಮುಖ್ಯ ಕಚೇರಿ ಇದ್ದು ಆಳಂದ, ಸೇಡಂ, ಸುರಪುರ, ಭಾಲ್ಕಿ, ಔರಾದ್‌ಗಳಲ್ಲಿ ಶಾಖೆಗಳಿರುವ ಸಹಕಾರ ಸಂಘ ಅಥವಾ ಶಿಕ್ಷಣ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವವರಿಗಾಗಿ ಈ ಬರಹ. ಎಲ್ಲ ಶಾಖೆಗಳ ರೂಟರ್ ಮತ್ತು ಸ್ವಿಚ್‌ಗಳಲ್ಲಿ ಎನ್‌ಟಿಪಿ ಸರ್ವರ್‌ನ (ಸಾಧನಗಳಿಗೆ ಸರಿಯಾದ ಸಮಯ ಕೊಡುವ ಯಂತ್ರದ) ವಿಳಾಸ ಬದಲಿಸುವುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬ್ಯಾಟರಿ ಗಡಿಯಾರವಿಲ್ಲದ ಹಳೆಯ ಸಿಸ್ಕೊ ಸ್ವಿಚ್‌ಗಳಲ್ಲಿ ಹಲವು, ಕರೆಂಟ್ ಹೋಗಿ ಬಂದ ಮೇಲೆ 1993ರ ಮಾರ್ಚ್ 1ರಿಂದ ಎಣಿಕೆ ಆರಂಭಿಸುತ್ತವೆ. ಅಂಥ ಸ್ವಿಚ್‌ನ ಲಾಗ್‌ನಿಂದ, ಅಂದರೆ ಘಟನೆಗಳ ದಾಖಲೆಯಿಂದ, ಯಾವ ಘಟನೆ ಯಾವಾಗ ನಡೆಯಿತೆಂದು ತಿಳಿಯುವಂತಿಲ್ಲ. ಇದು ಅನುಕೂಲದ ಮಾತು ಮಾತ್ರವಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು, ಯಂತ್ರಗಳ ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್‌ಗೆ, ಇಲ್ಲವೇ ಅವುಗಳಿಂದ ಸಮಯ ಪಡೆಯುವ ಸರ್ವರ್‌ಗೆ ಹೊಂದಿಸಬೇಕೆಂದೂ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದೂ ಹೇಳುತ್ತವೆ. ಆದ್ದರಿಂದ ಮುಖ್ಯ ಕಚೇರಿಯ ಲಿನಕ್ಸ್ ಯಂತ್ರಗಳಲ್ಲಿ ಕ್ರೋನಿ ಎಂಬ ಸಮಯ ಹೊಂದಿಸುವ ತಂತ್ರಾಂಶ ಹಾಕಿ, ಅವು ಹೊರಗಿನಿಂದ ಸಮಯ ಪಡೆಯುವಂತೆಯೂ ಶಾಖೆಗಳೆಲ್ಲ ಅವುಗಳಿಂದ ಪಡೆಯುವಂತೆಯೂ ಮಾಡುವುದು ಸರಿಯಾದ ಕ್ರಮ.

ಪೈಥಾನ್ ಭಾಷೆಯಲ್ಲಿ ಬರೆದ ನೆಟ್‌ಮಿಕೊ ಎಂಬ ಉಚಿತ ಲೈಬ್ರರಿ ಈ ಕೆಲಸಕ್ಕೆ ಸಾಕು. ಅದು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಪ್ರತಿ ಸಾಧನಕ್ಕೂ ಲಾಗಿನ್ ಆಗಿ, ನಾವು ಕೈಯಿಂದ ಟೈಪ್ ಮಾಡುವ ಕಮಾಂಡ್‌ಗಳನ್ನೇ ಕೊಟ್ಟು, ಬಂದ ಉತ್ತರವನ್ನು ನಮಗೆ ಒಪ್ಪಿಸುತ್ತದೆ. ಇಂಥದೇ ಕೆಲಸದ ಆನ್ಸಿಬಲ್ ಎಂಬ ಸಾಧನವೂ ಒಳ್ಳೆಯದೇ. ಆದರೆ ಹೊಸದಾಗಿ ಕಲಿಯುವವರು ನೆಟ್‌ಮಿಕೊದಿಂದ ಆರಂಭಿಸಿದರೆ ಪ್ರತಿ ಹೆಜ್ಜೆಯಲ್ಲೂ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಮೊದಲು ಸಾಧನಗಳ ಪಟ್ಟಿಯನ್ನು ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕಾಲಂಗಳ) ಕಡತದಲ್ಲಿ ಸಿದ್ಧಪಡಿಸಿರಿ: ಹೆಸರು, ಐಪಿ ವಿಳಾಸ, ಊರು, ಕಂಪನಿ ಮತ್ತು ಮಾದರಿ, ಶಾಖೆಯಲ್ಲಿ ಫೋನ್ ಎತ್ತುವವರು ಯಾರು ಎಂಬುದು. ಕೊನೆಯ ಕಾಲಂ ಅನಗತ್ಯವೆಂದು ತೋರಬಹುದು, ಆದರೆ ತೊಂದರೆ ಬಂದಾಗ ಮೊದಲು ಬೇಕಾಗುವುದು ಅದೇ. ಎಸ್‌ಎಸ್‌ಎಚ್ ಇಲ್ಲದೆ, ಗೂಢಲಿಪಿಯಿಲ್ಲದ ಟೆಲ್ನೆಟ್ ಮಾತ್ರ ಇರುವ ಹಳೆಯ ಸ್ವಿಚ್‌ಗಳನ್ನು ಈ ಪಟ್ಟಿಯಿಂದ ಬೇರ್ಪಡಿಸಿರಿ. ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಾಗಲಿ ಸಿಎಸ್‌ವಿಯಲ್ಲಾಗಲಿ ಬರೆಯಬಾರದು. ಪೈಥಾನ್‌ನ ಗೆಟ್‌ಪಾಸ್ ಬಳಸಿ, ಓಡಿಸುವಾಗ ಕೇಳಿ ಪಡೆಯಬೇಕು.

ನನ್ನ ದೃಢವಾದ ಅಭಿಪ್ರಾಯವೆಂದರೆ, ಬದಲಿಸುವ ಸ್ಕ್ರಿಪ್ಟ್ ಬರೆಯುವ ಮೊದಲು ಓದುವ ಸ್ಕ್ರಿಪ್ಟ್ ಬರೆಯಬೇಕು ಮತ್ತು ಅದಕ್ಕೇ ಹೆಚ್ಚು ಸಮಯ ಕೊಡಬೇಕು. ಈ ಮೊದಲ ಸ್ಕ್ರಿಪ್ಟ್ ಏನನ್ನೂ ಮುಟ್ಟುವುದಿಲ್ಲ. ಪ್ರತಿ ಸಾಧನದ ಚಾಲ್ತಿ ಕಾನ್ಫಿಗ್ (ಈಗ ಜಾರಿಯಲ್ಲಿರುವ ಸೆಟ್ಟಿಂಗ್‌ಗಳು) ಅನ್ನು ದಿನಾಂಕ ಮತ್ತು ಊರಿನ ಹೆಸರಿರುವ ಕಡತದಲ್ಲಿ ಉಳಿಸುತ್ತದೆ, ಈಗ ಯಾವ ಎನ್‌ಟಿಪಿ ವಿಳಾಸಗಳಿವೆ ಎಂದು ಪಟ್ಟಿ ಮಾಡುತ್ತದೆ, ಚಾಲ್ತಿ ಕಾನ್ಫಿಗ್‌ಗೂ ಸೇವ್ ಆಗಿರುವ ಕಾನ್ಫಿಗ್‌ಗೂ ವ್ಯತ್ಯಾಸವಿದ್ದರೆ ತಿಳಿಸುತ್ತದೆ. ಹಿಂದೆ ಯಾರೋ ಮಾಡಿ ಸೇವ್ ಮಾಡದೆ ಬಿಟ್ಟ ಬದಲಾವಣೆಗಳು ಇಲ್ಲಿಯೇ ಹೊರಬೀಳುತ್ತವೆ. ಅವುಗಳನ್ನು ಉಳಿಸಬೇಕೇ ಬಿಡಬೇಕೇ ಎಂದು ತೀರ್ಮಾನಿಸದೆ ಮುಂದೆ ಹೋಗಬಾರದು. ಎಲ್ಲ ಸಾಧನಗಳಿಂದಲೂ ಉತ್ತರ ಬಂದ ಮೇಲೆಯೇ ಎರಡನೆಯ ಸ್ಕ್ರಿಪ್ಟ್‌ಗೆ ಕೈ ಹಾಕಿರಿ.

ಎರಡನೆಯ ಸ್ಕ್ರಿಪ್ಟ್, ಹೊಸ ಸರ್ವರ್ ವಿಳಾಸ ಈಗಾಗಲೇ ಇದೆಯೇ ಎಂದು ನೋಡಿ, ಇದ್ದರೆ ಸುಮ್ಮನೆ ಮುಂದಿನ ಸಾಧನಕ್ಕೆ ಹೋಗಬೇಕು. ಆಗ ಅದನ್ನು ಮತ್ತೆ ಓಡಿಸಿದರೂ ಹಾನಿಯಿಲ್ಲ. ಇಲ್ಲದಿದ್ದರೆ ಹೊಸದನ್ನು ಸೇರಿಸಬೇಕು, ಹಳೆಯದನ್ನು ಆಗಲೇ ತೆಗೆಯಬಾರದು. ಸಮಯವಲಯವನ್ನು ಐದು ಗಂಟೆ ಮೂವತ್ತು ನಿಮಿಷ ಎಂದು ಕೊಡುವುದನ್ನೂ ಮರೆಯಬಾರದು. ಸಾಧನವು ಕಮಾಂಡನ್ನು ತಿರಸ್ಕರಿಸಿ ತಪ್ಪಿನ ಸಂದೇಶ ತೋರಿಸಿದರೂ ನೆಟ್‌ಮಿಕೊ ತಾನಾಗಿ ನಿಲ್ಲುವುದಿಲ್ಲ. ಎರರ್ ಪ್ಯಾಟರ್ನ್ ಎಂಬ ಆಯ್ಕೆಯಲ್ಲಿ ಆ ಸಂದೇಶದ ಗುರುತನ್ನು ಕೊಟ್ಟರೆ ಮಾತ್ರ ನಿಲ್ಲುತ್ತದೆ. ಸಂಪರ್ಕ ಸಿಗದ ಶಾಖೆಯನ್ನು ಬರೆದಿಟ್ಟುಕೊಂಡು ಮುಂದುವರಿಯಬಹುದು, ಆದರೆ ಪಾಸ್‌ವರ್ಡ್ ತಪ್ಪೆಂಬ ಉತ್ತರ ಬಂದ ಕೂಡಲೇ ಇಡೀ ಕೆಲಸ ನಿಲ್ಲಬೇಕು. ಇಲ್ಲದಿದ್ದರೆ ಎಲ್ಲ ಊರುಗಳಲ್ಲೂ ನಿಮ್ಮ ಖಾತೆ ಲಾಕ್ ಆಗುವ ಸಂಭವವಿದೆ.

ಮೊದಲು ನಿಮ್ಮ ಮೇಜಿನ ಪಕ್ಕದ ಸ್ವಿಚ್, ನಂತರ ಕಲಬುರಗಿ ನಗರದೊಳಗಿನ ಒಂದು ಶಾಖೆ, ಆಮೇಲೆ ಒಂದು ತಾಲೂಕು, ಕೊನೆಗೆ ಉಳಿದವು. ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಸಾಧನಗಳನ್ನು ಮುಟ್ಟದಿರುವುದು ಕ್ಷೇಮ. ಈ ಕೆಲಸವನ್ನು ನಡುರಾತ್ರಿಗೆ ಇಟ್ಟುಕೊಳ್ಳುವ ರೂಢಿ ನನಗೆ ಒಪ್ಪಿಗೆಯಿಲ್ಲ. ಔರಾದ್‌ನ ರೂಟರ್ ಕೈಗೆ ಸಿಗದಂತಾದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗುತ್ತದೆ. ಶಾಖೆಯ ಬೀಗ ತೆಗೆಯುವವರು ಸ್ಥಳದಲ್ಲಿರುವ ಬೆಳಗಿನ ಹೊತ್ತಿನಲ್ಲಿ ಮಾಡಿದರೆ ಒಂದು ಫೋನಿನಲ್ಲಿ ಸಾಧನವನ್ನು ಆಫ್ ಮಾಡಿ ಆನ್ ಮಾಡಿಸಬಹುದು.

ಎನ್‌ಟಿಪಿ ಬದಲಾವಣೆಯಿಂದ ಸಂಪರ್ಕ ಕಡಿಯುವುದು ಅಪರೂಪ. ಆದರೆ ಇದೇ ಸ್ಕ್ರಿಪ್ಟ್‌ನಿಂದ ಮುಂದೆ ಆಕ್ಸೆಸ್ ಲಿಸ್ಟ್ (ಯಾರಿಗೆ ಪ್ರವೇಶ ಎಂಬ ನಿಯಮಗಳು), ವಿಎಲ್‌ಎಎನ್ (ನೆಟ್‌ವರ್ಕ್‌ನ ಒಳವಿಭಾಗ) ಅಥವಾ ಗೇಟ್‌ವೇ (ಹೊರಹೋಗುವ ದಾರಿ) ಬದಲಿಸುವುದಾದರೆ ಮರಳುವ ದಾರಿಯನ್ನು ಮೊದಲೇ ಕಟ್ಟಿಕೊಳ್ಳಬೇಕು. ಸಿಸ್ಕೊದಲ್ಲಿ ಬದಲಾವಣೆಗೆ ಮುನ್ನ ಹದಿನೈದು ನಿಮಿಷದ ನಂತರ ರೀಲೋಡ್ (ಮರುಪ್ರಾರಂಭ) ಆಗುವಂತೆ ಆದೇಶ ಕೊಟ್ಟು, ಎಲ್ಲ ಸರಿಯಿದ್ದರೆ ಅದನ್ನು ರದ್ದುಪಡಿಸಬಹುದು. ಸಂಪರ್ಕ ತಪ್ಪಿದ್ದರೆ ಸಾಧನವು ಸೇವ್ ಆಗಿರುವ ಹಳೆಯ ಕಾನ್ಫಿಗ್‌ನೊಂದಿಗೆ ತಾನೇ ಏಳುತ್ತದೆ. ಈ ಆದೇಶವು ದೃಢೀಕರಣ ಕೇಳುತ್ತದೆ, ಅದಕ್ಕೆ ಸ್ಕ್ರಿಪ್ಟ್ ಉತ್ತರಿಸುವಂತೆ ಬರೆಯಬೇಕು. ಜುನಿಪರ್ ಕಂಪನಿಯ ಸಾಧನಗಳಲ್ಲಿ ಕಮಿಟ್ ಕನ್ಫರ್ಮ್ಡ್, ಮೈಕ್ರೋಟಿಕ್ ಸಾಧನಗಳಲ್ಲಿ ಸೇಫ್ ಮೋಡ್ ಇದೇ ಕೆಲಸಕ್ಕೆ ಇವೆ.

ಫಲಿತಾಂಶವನ್ನು ಆ ಕ್ಷಣವೇ ಪರೀಕ್ಷಿಸಿ ನಿರಾಶರಾಗಬೇಡಿರಿ. ಸಿಸ್ಕೊ ಸಾಧನಗಳು ಸಾಮಾನ್ಯವಾಗಿ 64 ಸೆಕೆಂಡಿಗೊಮ್ಮೆ ಸರ್ವರ್‌ನಿಂದ ಸಮಯ ಕೇಳುತ್ತವೆ. ಶೋ ಎನ್‌ಟಿಪಿ ಅಸೋಸಿಯೇಷನ್ಸ್ ಕಮಾಂಡ್ ಕೊಟ್ಟಾಗ ರೀಚ್ ಕಾಲಂನಲ್ಲಿ 377 ಬಂದರೆ ಕೊನೆಯ ಎಂಟು ಪ್ರಯತ್ನಗಳೂ ಫಲಿಸಿವೆ ಎಂದರ್ಥ, ಅದಕ್ಕೆ ಎಂಟು ಒಂಬತ್ತು ನಿಮಿಷ ಹಿಡಿಯುತ್ತದೆ. ಸ್ಟ್ರೇಟಮ್ (ಮೂಲ ಗಡಿಯಾರದಿಂದ ಎಷ್ಟು ಹಂತ ದೂರ ಎಂಬ ಅಂಕಿ) 16 ಎಂದಿದ್ದರೆ ಗಡಿಯಾರ ಇನ್ನೂ ಹೊಂದಿಕೊಂಡಿಲ್ಲ. ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ತೆರೆದಿದೆಯೇ ಎಂದು ಆಗ ನೋಡಿರಿ. ಹೊಸ ಸರ್ವರ್ ಹಿಡಿದ ಸಾಧನಗಳಲ್ಲಿ ಮಾತ್ರ ಹಳೆಯ ವಿಳಾಸವನ್ನು ತೆಗೆದು, ಸೇವ್ ಮಾಡಿರಿ. ಈ ಸೇವ್ ಅನ್ನು ನಾಳೆಗೆ ಬಿಡಬಾರದು: ತಾಪಮಾನ ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಯುಪಿಎಸ್ ಬ್ಯಾಟರಿಗಳು ಸೊರಗಿರುತ್ತವೆ, ಕರೆಂಟ್ ಹೋದರೆ ಸೇವ್ ಆಗದ ಬದಲಾವಣೆ ಅಳಿಸಿಹೋಗುತ್ತದೆ.

ಓದುವ ಸ್ಕ್ರಿಪ್ಟನ್ನು ತಿಂಗಳಿಗೊಮ್ಮೆ ತಾನಾಗಿ ಓಡುವಂತೆ ಇಟ್ಟು, ಹೊಸ ಸ್ವಿಚ್ ಹಾಕಿದ ದಿನವೇ ಅದರ ಸಾಲನ್ನು ಸಿಎಸ್‌ವಿಗೆ ಸೇರಿಸಿರಿ.