ಓಡುತ್ತಿರುವ ಸಿಪ್ಯಾಪ್ ಬದಲಿಸಬೇಕೇ? ಮೊದಲು ಮಾಸ್ಕ್ ಬದಲಿಸಿ ನೋಡಿ

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಕೊಡುವ ಸಿಪ್ಯಾಪ್ ಮಿಷನ್ನಿಗೆ ನಾಲ್ಕೈದು ವರ್ಷ ತುಂಬುತ್ತಿದ್ದಂತೆ ಅಂಗಡಿಯವರಿಂದ ಫೋನು ಶುರುವಾಗುತ್ತದೆ. ‘ಸಾರ್, ನಿಮ್ದು ಹಳೇ ಮಾಡೆಲ್ಲು. ಎಕ್ಸ್‌ಚೇಂಜ್ ಆಫರ್ ಇದೆ.’ ಬೆಳಿಗ್ಗೆ ಎದ್ದಾಗ ಬಾಯಿ ಒಣಗಿದೆ, ಮಧ್ಯಾಹ್ನ ತೂಕಡಿಕೆ ಬರುತ್ತಿದೆ ಎನ್ನುವವರಿಗೆ ಈ ಮಾತು ದೇವರೇ ಬಂದು ಹೇಳಿದಂತೆ ಕೇಳಿಸುತ್ತದೆ. ಅರ್ಧ ಲಕ್ಷದ ಆಸುಪಾಸು ಕೊಟ್ಟು ಹೊಸದು ತರುತ್ತಾರೆ. ಅದಕ್ಕೆ ಹಳೆಯ ಮಾಸ್ಕನ್ನೇ ಸಿಕ್ಕಿಸುತ್ತಾರೆ. ತಿಂಗಳಾದ ಮೇಲೆ ಅದೇ ಒಣಗಿದ ಬಾಯಿ, ಅದೇ ತೂಕಡಿಕೆ. ತುಮಕೂರಿನಲ್ಲಿ ನನ್ನ ಪರಿಚಯದವರಲ್ಲೇ ಇಂಥವರು ಹಲವರಿದ್ದಾರೆ. ಈ ಲೇಖನ ಅವರನ್ನು ನೋಡಿಯೇ ಬರೆದದ್ದು.

ಒಂದು ವಿಷಯ ತಲೆಯಲ್ಲಿರಲಿ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು ಪ್ರಕಟಿಸಿದ್ದು 1981ರಲ್ಲಿ. ಹಿತಮಿತ ಒತ್ತಡದ ಗಾಳಿ ಕಳಿಸಿ, ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳದಂತೆ ತೆರೆದಿಡುವುದು ಅದರ ತಿರುಳು. ಆ ತಿರುಳು ಇಂದಿಗೂ ಬದಲಾಗಿಲ್ಲ. ಹೊಸ ಮಾಡೆಲ್ಲುಗಳಲ್ಲಿ ಬರುತ್ತಿರುವುದು ಬಹುಪಾಲು ಟಚ್ ಸ್ಕ್ರೀನ್, ಮೊಬೈಲ್ ಆ್ಯಪ್, ಚಿಕ್ಕ ಗಾತ್ರ, ಕಡಿಮೆ ಸದ್ದು. ಬೇಡವೆನ್ನುತ್ತಿಲ್ಲ. ಆದರೆ ನಿಮ್ಮ ತೂಕಡಿಕೆಗೆ ಔಷಧಿ ಟಚ್ ಸ್ಕ್ರೀನಿನಲ್ಲಿಲ್ಲ.

ಹೆಜ್ಜೆ 1: ಕಾಗದ ಹುಡುಕಿ

ಹಳೆಯ ನಿದ್ರಾ ಪರೀಕ್ಷೆಯ ವರದಿ, ಡಾಕ್ಟರ ಚೀಟಿ, ಮಿಷನ್ನಿನ ಬಿಲ್ಲು ಮೂರನ್ನೂ ಒಂದು ಫೈಲಿಗೆ ಹಾಕಿ. ಮಿಷನ್ನಿನಲ್ಲಿ ಈಗಿರುವ ಒತ್ತಡ, ಮೋಡ್, ರ‍್ಯಾಂಪ್ (ಒತ್ತಡ ನಿಧಾನವಾಗಿ ಏರಲು ಹಿಡಿಯುವ ಸಮಯ) ಎಲ್ಲದರ ಫೋಟೊ ತೆಗೆದಿಡಿ.

ಹೆಜ್ಜೆ 2: ಸೀರಿಯಲ್ ನಂಬರ್ ನೋಡಿ

ಫಿಲಿಪ್ಸ್ ಕಂಪನಿಯದಾಗಿದ್ದು, 2021ರ ಏಪ್ರಿಲ್ 26ಕ್ಕಿಂತ ಮೊದಲು ತಯಾರಾದದ್ದಾದರೆ ಈ ಹೆಜ್ಜೆಯನ್ನು ದಾಟಬೇಡಿ. ಸದ್ದು ತಗ್ಗಿಸಲು ಒಳಗಿಟ್ಟ ಪಾಲಿಯುರೆಥೇನ್ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಸೇರಬಹುದೆಂದು 2021ರ ಜೂನ್‌ನಲ್ಲಿ ಕಂಪನಿಯೇ ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್ ಸೇರಿ ಹಲವು ಮಾಡೆಲ್ಲುಗಳನ್ನು ವಾಪಸ್ ಕರೆಯಿತು. ತಳದಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಬಹುದು. ಪಟ್ಟಿಯಲ್ಲಿ ನಿಮ್ಮದೂ ಇದ್ದರೆ ಡಾಕ್ಟರನ್ನು ಕೇಳಿ, ಬದಲಿಗೆ ದಾರಿ ಮಾಡಿಕೊಳ್ಳಿ. ಆದರೆ ಹೆದರಿಕೊಂಡು ಇವತ್ತು ರಾತ್ರಿಯೇ ಮಿಷನ್ ಬಿಟ್ಟು ಮಲಗುವ ತೀರ್ಮಾನ ನಿಮ್ಮದೇ ಆಗಬಾರದು. ಅದನ್ನೂ ಡಾಕ್ಟರೇ ಹೇಳಲಿ.

ಹೆಜ್ಜೆ 3: ಮಿಷನ್ ಬರೆದಿಟ್ಟಿದ್ದನ್ನು ಓದಿ

ಎಲ್ಲರೂ ಎಡವುವುದು ಇಲ್ಲೇ. ಒಂದು ಬೆಳಿಗ್ಗೆ ಎದ್ದು ಪರದೆಯಲ್ಲಿ ಉಸಿರು ಕಟ್ಟಿದ ಲೆಕ್ಕ 9 ಎಂದು ಕಂಡರೆ ‘ಮಿಷನ್ ಕೆಟ್ಟಿದೆ’, ಮರುದಿನ 2 ಕಂಡರೆ ‘ಸರಿಹೋಯ್ತು’. ಹಾಗಲ್ಲ. ಹಿಂದಿನ ರಾತ್ರಿ ಮದುವೆ ಊಟ, ಮದ್ಯ, ನೆಗಡಿ, ಅಂಗಾತ ಮಲಗಿದ್ದು ಏನೇ ಇದ್ದರೂ ಅಂಕಿ ಏರುತ್ತದೆ. ಕನಿಷ್ಠ ಎರಡು ವಾರದ ಲೆಕ್ಕ ಒಟ್ಟಿಗೆ ನೋಡಿ. ನೋಡಬೇಕಾದ ಅಂಕಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ಚಿಕಿತ್ಸೆಗೆ ಮುಂಚೆ 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ ಎನ್ನುತ್ತಾರೆ. ಮಿಷನ್ ಹಾಕಿಕೊಂಡ ಮೇಲೆ ಅದು 5ಕ್ಕಿಂತ ಕೆಳಗೆ ಇರಬೇಕು. ಇದ್ದರೆ ಮಿಷನ್ ತನ್ನ ಪಾಲಿನ ಕೆಲಸ ಮಾಡುತ್ತಿದೆ ಎಂದರ್ಥ. 1.8 ಇದ್ದದ್ದು 2.6 ಆಯಿತೆಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಸ್ನೇಹಿತನ ಬೇರೆ ಕಂಪನಿಯ ಮಿಷನ್ನಿನ ಜೊತೆ ಹೋಲಿಸಲೂಬೇಡಿ. ಉಸಿರಿನ ಏರುಪೇರನ್ನು ಒಂದೊಂದು ಕಂಪನಿ ಒಂದೊಂದು ರೀತಿ ಎಣಿಸುತ್ತದೆ.

ಎರಡನೆಯದು ಗಂಟೆಗಳು. ಎಎಚ್‌ಐ 2, ಬಳಸಿದ್ದು ಮೂರೂವರೆ ಗಂಟೆ ಎಂದರೆ ಸಂತೋಷಪಡುವ ಸಂಗತಿಯಲ್ಲ. ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೇ ಹೆಚ್ಚು, ಅನೇಕರಿಗೆ ಉಸಿರು ಕಟ್ಟುವುದೂ ಆಗಲೇ ಹೆಚ್ಚು. ನಿದ್ದೆಗಣ್ಣಿನಲ್ಲಿ ಮೂರು ಗಂಟೆಗೆ ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟರೆ ಆ ಹೊತ್ತಿನ ಲೆಕ್ಕ ಮಿಷನ್ನಿಗೆ ಸಿಗುವುದೇ ಇಲ್ಲ. ‘ನನ್ನ ರಿಪೋರ್ಟ್ ಚೆನ್ನಾಗೇ ಇದೆ, ಆದ್ರೂ ಸುಸ್ತು’ ಅನ್ನುವವರು ಮೊದಲು ಈ ಸಾಲು ನೋಡಿಕೊಳ್ಳಬೇಕು.

ಮೂರನೆಯದು ಸೋರಿಕೆ, ಅಂದರೆ ಲೀಕ್. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ. ರೆಸ್‌ಮೆಡ್ ಮಿಷನ್ನುಗಳಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಅತಿಯಾಯಿತು ಎಂದು ಲೆಕ್ಕ. ಬೇರೆ ಕೆಲವು ಕಂಪನಿಗಳು ಮಾಸ್ಕಿನ ತೂತಿನಿಂದ ಬೇಕೆಂದೇ ಹೊರಬಿಡುವ ಗಾಳಿಯನ್ನೂ ಕೂಡಿಸಿ ತೋರಿಸುತ್ತವೆ, ಅಲ್ಲಿ ಅಂಕಿ ಸಹಜವಾಗಿಯೇ ದೊಡ್ಡದಿರುತ್ತದೆ. ಸೋರಿಕೆ ಹೆಚ್ಚಿದ್ದಾಗ ಉಸಿರಿನ ಏರಿಳಿತ ಮಿಷನ್ನಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಆಗ ಎಎಚ್‌ಐ ಕಡಿಮೆ ಕಂಡರೂ ನಂಬಬೇಡಿ, ಹೆಚ್ಚು ಕಂಡರೂ ನಂಬಬೇಡಿ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಉಳಿದ ಮಾತು.

ಪರದೆಯಲ್ಲಿ ಇಷ್ಟೆಲ್ಲ ಕಾಣದಿದ್ದರೆ ಮಿಷನ್ನಿನ ಪಕ್ಕದಲ್ಲೋ ಹಿಂದೋ ಎಸ್‌ಡಿ ಕಾರ್ಡ್ ಇದೆಯೇ ನೋಡಿ. ಆಸ್ಕರ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಹಲವು ಕಂಪನಿಗಳ ಕಾರ್ಡನ್ನು ಅದು ಓದಿ, ರಾತ್ರಿಯ ನಿಮಿಷ ನಿಮಿಷದ ಗೆರೆ ತೋರಿಸುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕುವ ಮುಂಚೆ ಅದರ ಅಂಚಿನ ಪುಟ್ಟ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ, ಇಲ್ಲದಿದ್ದರೆ ಕಂಪ್ಯೂಟರ್ ತನ್ನದೇ ಕಡತಗಳನ್ನು ಅದರ ಮೇಲೆ ಬರೆದುಬಿಡಬಹುದು. ವಾಪಸ್ ಹಾಕುವಾಗ ಲಾಕ್ ತೆಗೆಯಲು ಮರೆಯಬೇಡಿ. ಕಾರ್ಡೂ ಇಲ್ಲ, ಆ್ಯಪೂ ಇಲ್ಲ, ಬರೀ ಗಾಳಿ ಊದುವ ಮಿಷನ್ನಾದರೆ ಅದೊಂದೇ ಬದಲಿಸಲು ಒಳ್ಳೆಯ ಕಾರಣ. ಲೆಕ್ಕ ಇಡದ ಮಿಷನ್ನನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಹೆಜ್ಜೆ 4: ಮಾಸ್ಕ್, ಪೈಪ್, ಫಿಲ್ಟರ್

ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ, ಮಾಸ್ಕ್ ಸೋರಿದರೆ ಬೈಗುಳ ಮಿಷನ್ನಿಗೆ. ಮುಖಕ್ಕೆ ತಾಗುವ ಸಿಲಿಕಾನ್ ಕುಶನ್ ತಿಂಗಳುಗಟ್ಟಲೆ ಬೆವರು, ಎಣ್ಣೆಜಿಡ್ಡು ಹೀರಿ ಮೆತ್ತಗಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅದನ್ನು ಮಾತ್ರ ಬೇರೆಯಾಗಿ ಕೊಳ್ಳಬಹುದು, ಪೂರ್ತಿ ಮಾಸ್ಕ್ ಬೇಕಿಲ್ಲ.

ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿಕೊಂಡು, ಮುಖಕ್ಕೆ ಕ್ರೀಮ್ ಬಳಿದುಕೊಂಡು ಮಲಗುತ್ತಾರೆ. ತೆಂಗಿನ ಸೀಮೆಯಲ್ಲಿ ಹುಟ್ಟಿ ಎಣ್ಣೆ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಆದರೆ ಎಣ್ಣೆಗೆ ಪಟ್ಟಿ ಜಾರುತ್ತದೆ, ಕುಶನ್ ಮುಖದ ಮೇಲೆ ನಿಲ್ಲುವುದಿಲ್ಲ. ಎಣ್ಣೆಯನ್ನು ಬೆಳಿಗ್ಗೆ ಸ್ನಾನದ ಮುಂಚೆ ಹಚ್ಚಿಕೊಳ್ಳಿ. ಮಲಗುವ ಮುನ್ನ ಮುಖ ತೊಳೆದು ಒರೆಸಿಕೊಳ್ಳಿ. ಮಾಸ್ಕನ್ನು ಸೌಮ್ಯ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ. ಹಪ್ಪಳದ ಜೊತೆ ತಾರಸಿಯ ಬಿಸಿಲಿಗಿಟ್ಟರೆ ಸಿಲಿಕಾನ್ ಬೇಗ ಹಾಳಾಗುತ್ತದೆ.

ಹೊಸ ಕುಶನ್ ಬಂದ ಮೇಲೆ ಪಟ್ಟಿ ಬಿಗಿಯುವ ಕ್ರಮ ಹೀಗಿರಲಿ. ಎಲ್ಲ ಪಟ್ಟಿ ಸಡಿಲಿಸಿ. ಮಿಷನ್ ಆನ್ ಮಾಡಿ, ನಿಮ್ಮ ದಿಂಬಿನ ಮೇಲೆ ಮಲಗಿ. ಕನ್ನಡಿ ಮುಂದೆ ಕೂತು ಬಿಗಿದ ಮಾಸ್ಕ್ ಮಲಗಿದಾಗ ಸರಿಯಾಗಿ ಕೂರುವುದಿಲ್ಲ, ಏಕೆಂದರೆ ಮಲಗಿದರೆ ಕೆನ್ನೆಯ ಮಾಂಸ ಸರಿಯುತ್ತದೆ. ಮಾಸ್ಕನ್ನು ಒಮ್ಮೆ ಮುಖದಿಂದ ಸ್ವಲ್ಪ ಮುಂದಕ್ಕೆಳೆದು ಬಿಡಿ, ಕುಶನ್ನಿನ ಒಳಪದರ ಗಾಳಿ ತುಂಬಿಕೊಂಡು ತಾನೇ ಕೂರುತ್ತದೆ. ಆಮೇಲೆ ಕೆಳಗಿನ ಪಟ್ಟಿ, ನಂತರ ಮೇಲಿನದು, ಎರಡೂ ಬದಿ ಸಮನಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ ನೋಡಿ. ಸೋರಿದ ಕೂಡಲೇ ಇನ್ನಷ್ಟು ಬಿಗಿಯುವುದು ದೊಡ್ಡ ತಪ್ಪು. ಅತಿಯಾಗಿ ಬಿಗಿದರೆ ಆ ಪದರ ನುಜ್ಜಾಗಿ ಸೋರಿಕೆ ಹೆಚ್ಚುತ್ತದೆ, ಮೂಗಿನ ಮೇಲೆ ಗಾಯ ಬೇರೆ.

ಬೆಳಿಗ್ಗೆ ಬಾಯಿ ಮಾತ್ರ ಒಣಗುತ್ತಿದ್ದರೆ ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಲ್ಲಿ ಗಾಳಿ ಬಿಡುತ್ತಿರಬಹುದು. ಮೂಗು ಕಟ್ಟಿದೆಯೇ ನೋಡಿಸಿ, ಇಲ್ಲವೇ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕಿಗೆ ಬದಲಿಸಿ. ಮೀಸೆ ದಪ್ಪಗಿದ್ದರೆ ಮೀಸೆಯೂ ಒಂದು ಕಾರಣ. ಅದರ ತೀರ್ಮಾನ ನಿಮಗೇ ಬಿಟ್ಟದ್ದು.

ಪೈಪ್: ಮಿಷನ್ ಆನ್ ಮಾಡಿ ಪೈಪಿನ ತುದಿಯನ್ನು ಅಂಗೈಯಿಂದ ಮುಚ್ಚಿ, ಉದ್ದಕ್ಕೂ ಕಿವಿ ಕೊಡಿ. ಸುಯ್ ಅಂದರೆ ತೂತಿದೆ. ಫಿಲ್ಟರ್: ರಸ್ತೆ ಬದಿಯ ಮನೆಯಾದರೆ ತಿಂಗಳಿಗೊಮ್ಮೆ ತೆಗೆದು ನೋಡಿ, ಬೂದಿ ಬಣ್ಣವಾಗಿದ್ದರೆ ಬಿಸಾಡಿ. ಬಿಳಿ ಕಾಗದದಂಥ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ.

ನೀರಿನ ಡಬ್ಬಿಯ ತಳದಲ್ಲಿ ಬಿಳಿ ಗಟ್ಟಿ ಕಟ್ಟಿದೆಯೇ? ನಮ್ಮ ಬೋರ್‌ವೆಲ್ ನೀರಿನ ಉಪಕಾರ ಅದು. ಒಂದು ಪಾಲು ಬಿಳಿ ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ನೆನೆಸಿದರೆ ಬಿಡುತ್ತದೆ. ಬಿಡದಿದ್ದರೆ, ಬಿರುಕು ಬಿಟ್ಟಿದ್ದರೆ ಡಬ್ಬಿಯೊಂದನ್ನೇ ಕೊಳ್ಳಿ. ಮುಂದೆ ಡಿಸ್ಟಿಲ್ಡ್ ವಾಟರ್ ಹಾಕಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತನ್ನಿ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಬೇಡ, ಅದು ಉಸಿರಾಡಲು ಮಾಡಿದ್ದಲ್ಲ. ಇನ್ನೊಂದು ಬೇಡದ ಖರ್ಚು ಓಝೋನ್ ಬಿಟ್ಟು ‘ಸ್ಯಾನಿಟೈಸ್’ ಮಾಡುವ ಪೆಟ್ಟಿಗೆ. ಇಂಥ ಓಝೋನ್, ಯುವಿ ಕ್ಲೀನರ್‌ಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ. ಸೋಪು, ನೀರು ಸಾಕು.

ಇಷ್ಟು ಮಾಡಿ ಎರಡು ವಾರ ಬಿಟ್ಟು ಮೂರನೇ ಹೆಜ್ಜೆಯ ಅಂಕಿಗಳನ್ನು ಮತ್ತೆ ಬರೆದುಕೊಳ್ಳಿ. ಸೋರಿಕೆ ಇಳಿದು, ಎಎಚ್‌ಐ 5ರ ಕೆಳಗೆ ನಿಂತು, ಹಗಲು ತೂಕಡಿಕೆ ಹೋಗಿದ್ದರೆ ಅಂಗಡಿಯವರಿಗೆ ‘ಬೇಡಪ್ಪ, ಮುಂದಿನ ವರ್ಷ ನೋಡೋಣ’ ಅಂದುಬಿಡಿ.

ಹೆಜ್ಜೆ 5: ಆದರೂ ಸರಿಹೋಗದಿದ್ದರೆ

ಈಗ ಡಾಕ್ಟರ ಬಳಿ ಹೋಗಿ, ಅಂಗಡಿಗಲ್ಲ. ಬರೆದಿಟ್ಟ ಅಂಕಿ ಕೈಯಲ್ಲಿರಲಿ. ಮಿಷನ್ ರಾತ್ರಿಯಿಡೀ ಗರಿಷ್ಠ ಒತ್ತಡಕ್ಕೇ ತಾಗಿ ನಿಂತಿದ್ದರೆ ಒತ್ತಡದ ಮಿತಿ ಬದಲಿಸಬೇಕಾಗಬಹುದು; ಅದು ಸೆಟ್ಟಿಂಗಿನ ಮಾತು, ಖರ್ಚಿನದಲ್ಲ. ಎಎಚ್‌ಐ ಒಳಗೆ ‘ಸೆಂಟ್ರಲ್’ ಅಥವಾ ‘ಕ್ಲಿಯರ್ ಏರ್‌ವೇ’ ಅಂಕಿಯೇ ಹೆಚ್ಚಿದ್ದರೆ ಅಲ್ಲಿ ದಾರಿ ಮುಚ್ಚುತ್ತಿಲ್ಲ, ಉಸಿರಾಡು ಎಂಬ ಸೂಚನೆಯೇ ಮಿದುಳಿನಿಂದ ಬರುತ್ತಿಲ್ಲ. ಇಂಥವರು ‘ದೊಡ್ಡ ಮಿಷನ್’ ಎಂದು ತಾವೇ ಪ್ರತಿ ಉಸಿರಿಗೂ ಒತ್ತಡ ಹೊಂದಿಸುವ ಎಎಸ್‌ವಿ ಕೊಳ್ಳಲು ಹೋಗಬಾರದು. ಹೃದಯದ ಪಂಪಿಂಗ್ ಶಕ್ತಿ ಕುಂದಿದವರಿಗೆ ಎಎಸ್‌ವಿಯಿಂದ ಸಾವಿನ ಅಪಾಯ ಹೆಚ್ಚಿತೆಂದು 2015ರ ಸರ್ವ್-ಎಚ್‌ಎಫ್ ಅಧ್ಯಯನ ತೋರಿಸಿದೆ.

ತೂಕ ಬಹಳ ಇಳಿದಿದ್ದರೂ ಡಾಕ್ಟರಿಗೆ ಹೇಳಿ. ತೂಕ ಇಳಿಸುವ ಮೌಂಜಾರೋ ಚುಚ್ಚುಮದ್ದು 2025ರಲ್ಲಿ ಭಾರತಕ್ಕೆ ಬಂದ ಮೇಲೆ ಇಂಥವರು ಹೆಚ್ಚುತ್ತಿದ್ದಾರೆ. ಅವರಿಗೆ ಬೇಕಿರುವುದು ಹೊಸ ಮಿಷನ್ನಲ್ಲ, ಹೊಸ ನಿದ್ರಾ ಪರೀಕ್ಷೆ. ಒತ್ತಡ ಕಡಿಮೆ ಸಾಕಾಗಬಹುದು.

ನಿಜಕ್ಕೂ ಬದಲಿಸಲೇಬೇಕಾದ ಸಂದರ್ಭಗಳೂ ಇವೆ: ಮೋಟಾರು ಕಿರುಗುಟ್ಟುವುದು, ನಡುರಾತ್ರಿ ತಾನೇ ನಿಲ್ಲುವುದು, ಸುಟ್ಟ ವಾಸನೆ, ಒಳಗೆ ನೀರು ಹೋಗಿರುವುದು, ಬಿಡಿಭಾಗ ಸಿಗದಿರುವುದು. ‘ಮೋಟಾರ್ ಲೈಫ್ ಎಕ್ಸೀಡೆಡ್’ ಎಂಬ ಸಂದೇಶ ಬಂದರೆ ಅದು ಕೂಡಲೇ ನಿಲ್ಲುತ್ತದೆ ಎಂದಲ್ಲ, ಆದರೆ ದುಡ್ಡು ಕೂಡಿಡಲು ಶುರುಮಾಡಿ. ಹೆಚ್ಚಿನ ಆರೋಗ್ಯ ವಿಮೆಗಳು ಸಿಪ್ಯಾಪ್‌ಗೆ ಹಣ ಕೊಡುವುದಿಲ್ಲ; ಪಾಲಿಸಿ ಓದಿ, ಆಮೇಲೆ ಆಸೆಪಡಿ.

ಹೆಜ್ಜೆ 6: ಕೊಳ್ಳುವುದೇ ಆದರೆ

ಮೊದಲು ಬಾಡಿಗೆಗೆ ಕೇಳಿ, ಕೆಲವು ವಾರ ಮಲಗಿ ನೋಡಿ. ಮಾಸ್ಕಿನ ಕೊಂಡಿ ಬಹುತೇಕ ಎಲ್ಲ ಕಂಪನಿಗಳಿಗೂ ಒಂದೇ ಅಳತೆ, ಹಾಗಾಗಿ ಒಗ್ಗಿದ ಮಾಸ್ಕ್ ಬಿಡಬೇಕಿಲ್ಲ. ಆದರೆ ನೀರಿನ ಡಬ್ಬಿ, ಬಿಸಿ ಪೈಪು, ಫಿಲ್ಟರು, ಅಡಾಪ್ಟರು ಹಳೆಯದರದ್ದು ಹೊಸದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಆ ಖರ್ಚನ್ನೂ ಸೇರಿಸಿಯೇ ಬೆಲೆ ಕೇಳಿ.

ಹೊಸದು ಮನೆಗೆ ಬಂದ ದಿನ ನೋಡಬೇಕಾದದ್ದು ಸೆಟ್ಟಿಂಗ್. ಒತ್ತಡವನ್ನು ತಾವೇ ಏರಿಳಿಸಿಕೊಳ್ಳುವ ಎಷ್ಟೋ ಆಟೋ ಮಿಷನ್ನುಗಳನ್ನು ಪೆಟ್ಟಿಗೆಯಿಂದ ತೆಗೆದಂತೆಯೇ 4ರಿಂದ 20ರ ಒತ್ತಡಕ್ಕೆ ಬಿಟ್ಟು ಹೋಗುತ್ತಾರೆ. 10ಕ್ಕೆ ಒಗ್ಗಿದವರಿಗೆ 4ರಲ್ಲಿ ಉಸಿರುಗಟ್ಟಿದಂತಾಗುತ್ತದೆ, ‘ಹೊಸದು ಸರಿಯಿಲ್ಲ’ ಎಂದು ಮೂಲೆಗಿಡುತ್ತಾರೆ. ಒಂದನೇ ಹೆಜ್ಜೆಯಲ್ಲಿ ತೆಗೆದ ಫೋಟೊವನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಮಿತಿಯನ್ನು ಅಂಗಡಿಯವನ ಕೈಲಿ ನಿಮ್ಮೆದುರೇ ಹಾಕಿಸಿ.

ಕರೆಂಟ್ ಹೋಗುವ ಊರಲ್ಲಿ ಇನ್ವರ್ಟರನ್ನೂ ಮರೆಯಬೇಡಿ. ಅಗ್ಗದ ಸ್ಕ್ವೇರ್ ವೇವ್ ಬೇಡ, ಪ್ಯೂರ್ ಸೈನ್ ವೇವ್ ಇರಲಿ. ಬ್ಯಾಟರಿಯಲ್ಲಿ ಓಡುವಾಗ ನೀರು ಬಿಸಿ ಮಾಡುವುದನ್ನು ಆಫ್ ಮಾಡಿ, ಹೆಚ್ಚು ಕರೆಂಟ್ ತಿನ್ನುವುದು ಅದೇ.

ಎಕ್ಸ್‌ಚೇಂಜಿಗೆ ಹಳೆಯದನ್ನು ಕೊಡಬೇಡಿ, ಅವರು ಕೊಡುವ ಚಿಲ್ಲರೆ ದುಡ್ಡಿಗಿಂತ ಅದರ ಉಪಯೋಗ ದೊಡ್ಡದು. ವಾಪಸ್ ಕರೆದ ಪಟ್ಟಿಯಲ್ಲಿ ಇಲ್ಲದಿದ್ದರೆ ಒರೆಸಿ, ನೀರಿನ ಡಬ್ಬಿ ಒಣಗಿಸಿ ಎತ್ತಿಡಿ, ತಿಂಗಳಿಗೊಮ್ಮೆ ಒಂದು ರಾತ್ರಿ ಓಡಿಸಿ. ಹೊಸದು ಸರ್ವಿಸ್‌ಗೆಂದು ಬೆಂಗಳೂರಿಗೆ ಹೋದಾಗ ಅದು ಬೇಕಾಗುತ್ತದೆ. ನೆಂಟರು ಯಾರಾದರೂ ಕೇಳಿದರೆ ಅವರ ನಿದ್ರಾ ಪರೀಕ್ಷೆಯ ವರದಿ ತರಲು ಹೇಳಿ. ಮಾಸ್ಕ್, ಪೈಪ್ ಮಾತ್ರ ಅವರೇ ಹೊಸದು ಕೊಳ್ಳಲಿ.