ಹಿಂಡಿ ತಿಂದು ಶುರುವಾದ ಕಲಬುರಗಿ

ಕಲಬುರಗಿಗೆ ಬಂದ ಮೂರನೇ ದಿನ ಪಕ್ಕದ ಮನೆಯವರು ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ತಂದುಕೊಟ್ಟರು. "ಶೇಂಗಾ ಹಿಂಡಿ ಅದರಿ ಮೇಡಮ್, ರೊಟ್ಟಿ ಜೋಡಿ ತಿನ್ರಿ" ಅಂದರು. ನಾನು ಮದ್ದೂರಿನ ಕಡೆಯವಳು. ನಮ್ಮಲ್ಲಿ ಹಿಂಡಿ ಅಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು, ಬೂಸಾ ಜೊತೆ ಹಸುವಿಗೆ ಇಡುವುದು. ನನ್ನ ಮುಖ ನೋಡಿ ಅವರಿಗೆ ನಗು ಬಂತು. "ಚಟ್ನಿಪುಡಿ ರೀ!" ಮೊಸರಲ್ಲಿ ಕಲಸಿ ತಿಂದೆ. ಸಂಜೆಯೊಳಗೆ ಬಟ್ಟಲು ಖಾಲಿ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿ ಬಂದಿದ್ದೆ. ಅಲ್ಲೂ ಮೊದಲ ವಾರವೇ "ತಿಂಡಿ ಆಯ್ತಾ?" ಅಂತ ಕೇಳಿ ನಗೆಪಾಟಲಾದೆ. ಇಲ್ಲಿ ತಿಂಡಿ ಅಂದ್ರೆ ತುರಿಕೆ, ತಿನ್ನೋದು ನಾಷ್ಟಾ. ಆಮೇಲೆ ಮಾತಾಡೋಕೇ ಅಂಜಿಕೆ. ಊರಿಂದ ತಂದ ರಾಗಿಹಿಟ್ಟಲ್ಲಿ ಮುದ್ದೆ ಮಾಡ್ಕೊಂಡು, ಬಾಗಿಲು ಹಾಕ್ಕೊಂಡು ಎರಡು ತಿಂಗಳು ಕಳೆದೆ.

ಅಷ್ಟರಲ್ಲಿ ಏಪ್ರಿಲ್ ಬಂತು. ಏಪ್ರಿಲ್, ಮೇ ಎರಡು ತಿಂಗಳು ಇಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಖುಷಿಪಟ್ಟೆ. ಆದರೆ 42 ಡಿಗ್ರಿಯಲ್ಲಿ ಮನೆಗೆ ಬಂದು ಮಾಡೋದೇನು? ಸೆಕೆ ಅಂತ ಕಿಟಕಿ ಎಲ್ಲ ತೆಗೆದೆ. ಒಲೆ ಮುಂದೆ ಕೂತ ಹಾಗಾಯ್ತು. ಪಕ್ಕದ ಮನೆಯವರೇ ಬಂದು ಬೈದು ಮುಚ್ಚಿಸಿದರು. ಬೆಳಿಗ್ಗೆ ಒಂಬತ್ತರೊಳಗೆ ಮುಚ್ಚಬೇಕು, ಹೊತ್ತು ಇಳಿದ ಮೇಲೆ ತೆಗೀಬೇಕು. ಕೂಲರ್ ಹಾಕಿದಾಗ ಮಾತ್ರ ಎದುರಿನ ಕಿಟಕಿ ಸ್ವಲ್ಪ ತೆಗೆದಿರಬೇಕು, ಇಲ್ಲದಿದ್ದರೆ ಮೈಯೆಲ್ಲ ಜಿಗುಟು. ಅವತ್ತಿಂದ ಅವರು ನನಗೆ ಕಾಕು, ಅಂದರೆ ಚಿಕ್ಕಮ್ಮ.

ರಾಗಿಹಿಟ್ಟೂ ಮುಗಿದಿತ್ತು. "ರೊಟ್ಟಿ ಕಲಿಸಿಕೊಡಿ" ಅಂತ ಕಾಕು ಮನೆಗೆ ಹೋದೆ. ಅದಕ್ಕೆ ಮುಂಚೆ ನಾನೇ ಮಾಡೋಕೆ ಹೋಗಿ ಹತ್ತಾರು ಸಲ ಕೆಟ್ಟಿತ್ತು. ಬಡಿದರೆ ಅಂಚು ಸೀಳೋದು, ಎತ್ತಿದರೆ ಎರಡು ತುಂಡು. ತಪ್ಪು ಕೈಯದ್ದು ಅಂದುಕೊಂಡಿದ್ದೆ. ಕಾಕು ನನ್ನ ಹಿಟ್ಟನ್ನ ಒಂದು ಚಿಟಿಕೆ ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿ, "ಜಿಗಿನೇ ಇಲ್ರಿ ಇದಕ್ಕ" ಅಂದರು. ಪ್ಯಾಕೆಟ್ ಹಿಟ್ಟು, ಹಳೇದು. ಜೋಳದ ಹಿಟ್ಟು ಹಳೇದಾದಷ್ಟೂ ಅಂಟು ಹೋಗುತ್ತಂತೆ. ಅಂದಿನಿಂದ ಬಿಳಿ ಜೋಳ ತಂದು, ವಾರಕ್ಕೆ ಬೇಕಾದಷ್ಟೇ ಗಿರಣಿಯಲ್ಲಿ ಹಾಕಿಸ್ತೀನಿ. ಕುದಿಯುವ ಎಸರು ಹಾಕಿ, ಕೈ ಸುಟ್ಟರೂ ಬಿಡದೆ ಅಂಗೈ ಬುಡದಿಂದ ನಾದಬೇಕು. ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತಾ ಹೋಗಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಆಡಿಸಿ, ಆ ನೀರು ಆರುತ್ತಿದ್ದಂತೆ ತಿರುವಿ ಹಾಕಬೇಕು. ತಡವಾದರೆ ಬಿರುಕು. ನನ್ನ ಮೊದಲ ಇಡೀ ರೊಟ್ಟಿ ನೋಡಿ ಕಾಕು, "ಮಂಡ್ಯ ಜಿಲ್ಲಾ ನಕ್ಷೆ ಆಗ್ಯಾದ ನೋಡ್ರಿ" ಅಂದರು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಕರೆದುಕೊಂಡು ಹೋದರು. ಎರೆ ಮಣ್ಣಲ್ಲಿ ಕೂತು ಸಜ್ಜೆ ರೊಟ್ಟಿ, ಸೊಪ್ಪು ಕಾಳು ಎಲ್ಲ ಬೆಂದ ಭಜ್ಜಿ. ಎರಡು ಸಲ ಹಾಕಿಸಿಕೊಂಡೆ, ನಾಚಿಕೆ ಬಿಟ್ಟು.

ಸುಮ್ನೆ ಇರೋಕಾಗುತ್ತಾ? ಮುಂದಿನ ಭಾನುವಾರ ಕಾಕುವನ್ನ ಊಟಕ್ಕೆ ಕರೆದು, ಊರಿಂದ ತರಿಸಿದ ಹಿಟ್ಟಲ್ಲಿ ಮುದ್ದೆ, ಬಸ್ಸಾರು ಮಾಡಿದೆ. ಕಾಕು ಮುದ್ದೆ ಬಾಯಿಗಿಟ್ಟು ಅಗಿದರು. ಹಲ್ಲಿಗೆಲ್ಲ ಅಂಟಿತು.

"ಅಗೀಬಾರದು ಕಾಕು, ನುಂಗಿ."

"ನುಂಗಿದ್ರ ರುಚಿ ಹ್ಯಾಂಗ ಗೊತ್ತಾಗ್ತದರಿ?"